ನೇರಳೆ ಉಂಡೆಗೆ ಶರಣು

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಆ ಯೋಗ್ಯತೆ ನನಗೆ ಹುಟ್ಟಿನಿಂದಲೇ ಬಂದಿದೆ. ಲಿಫ್ಟಿನ ಬಾಗಿಲು ಮುಚ್ಚಿದರೆ ಹೆದರುತ್ತೇನೆ, ಮುಚ್ಚದಿದ್ದರೆ ಇನ್ನೂ ಹೆದರುತ್ತೇನೆ. ಫೋನ್ ಬಂದರೆ ಯಾರೋ ಹೋದರು ಎಂದುಕೊಳ್ಳುತ್ತೇನೆ. ಬರದಿದ್ದರೆ, ಫೋನ್ ಮಾಡುವುದಕ್ಕೂ ಯಾರೂ ಉಳಿದಿಲ್ಲವೇನೋ ಎಂದುಕೊಳ್ಳುತ್ತೇನೆ. ಇಂಥ ನನ್ನ ಹೆಸರು ಕೇಳಿದರೆ ಈಗ ನಮ್ಮ ಕಂಪನಿಯ ಅಷ್ಟೂ ಶಾಖೆಗಳ ಜನ ಗಡಗಡ ನಡುಗುತ್ತಾರೆ. ಇದು ಹೇಗಾಯಿತು ಎಂದು ಹೇಳುತ್ತೇನೆ, ಕೇಳಿ.

ನಮ್ಮದು ಛತ್ರಿ ಕಂಪನಿ. ದೂರು ಕೇಳುವುದಕ್ಕೆ ಅಲ್ಲಿ ಮೂರು ವಿಭಾಗ: ಬಟ್ಟೆ, ಕಡ್ಡಿ, ಹಿಡಿ. ಜೋರು ಗಾಳಿಗೆ ಛತ್ರಿ ಹಾರಿಹೋಗಿ ಹಿಡಿ ಮಾತ್ರ ಕೈಯಲ್ಲಿ ಉಳಿಯುತ್ತದಲ್ಲ, ಅಂಥವರು ನಮಗೆ ಫೋನ್ ಮಾಡುತ್ತಾರೆ. ನಾವು ಸಮಾಧಾನ ಹೇಳುತ್ತೇವೆ. ದೂರು ಪರಿಶೀಲಿಸುತ್ತೇವೆ. ಪರಿಶೀಲಿಸುವಷ್ಟರಲ್ಲಿ ಮಳೆ ನಿಂತಿರುತ್ತದೆ, ದೂರೂ ನಿಲ್ಲುತ್ತದೆ. ಹಿಡಿ ವಿಭಾಗದಲ್ಲಿ ಇರುವುದು ಇಬ್ಬರೇ, ನಾನು ಮತ್ತು ಕನ್ನಡಕ. ಅವನಿಗೆ ಬೇರೆ ಹೆಸರಿದೆ, ಆದರೆ ಆ ಕನ್ನಡಕ ನೋಡಿದ ಮೇಲೆ ಅದು ಯಾರಿಗೂ ನೆನಪಾಗುವುದಿಲ್ಲ.

ಆ ದಿನಗಳಲ್ಲಿ ಆಫೀಸಿನ ತುಂಬ ಒಂದೇ ಗುಸುಗುಸು. ಹೆಡ್ ಆಫೀಸಿನವರು ಚಿಕ್ಕ ವಿಭಾಗಗಳನ್ನು ದೊಡ್ಡ ವಿಭಾಗದೊಳಗೆ ಸೇರಿಸಿಬಿಡುತ್ತಾರಂತೆ. ನಮಗಿಂತ ಚಿಕ್ಕ ವಿಭಾಗ ಎಂದರೆ ಗೋಡೆಯ ಮೇಲಿನ ಹಲ್ಲಿಯದು ಒಂದೇ. ಸೇರಿಸಿದ ಮೇಲೆ ನಮ್ಮಿಬ್ಬರಲ್ಲಿ ಒಬ್ಬ ಊರಾಚೆಯ ಗೋಡೌನಿಗೆ ಹೋಗಬೇಕು. ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು, ಅಲ್ಲಿನ ಇಲಿಗಳು ಬೆಕ್ಕನ್ನು ಓಡಿಸಿವೆ ಎಂದು ಹೋಗಿ ಬಂದವರು ಹೇಳುತ್ತಾರೆ. ನನಗೆ ಕಿಟಕಿಯ ಪಕ್ಕದ ನನ್ನ ಕುರ್ಚಿಯೊಂದಿದ್ದರೆ ಸಾಕಿತ್ತು. ಆ ಕುರ್ಚಿ ಹೋದರೆ ನಾನೂ ಹೋದ ಹಾಗೆ.

ಈ ಸಂಕಟದ ಮಧ್ಯೆ ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಭಾನುವಾರ ಅಮ್ಮನನ್ನು ನೋಡಲು ಮನೆಗೆ ಬಂದ. ಅತ್ತೆ ಕಾಲು ಮುರಿದುಕೊಂಡು ನಮ್ಮ ಮನೆಯಲ್ಲಿ ಮಂಚ ಹಿಡಿದು ಕೆಲವು ವಾರಗಳಾಗಿದ್ದವು. ಕಾಲಿಗೆ ಬ್ಯಾಂಡೇಜು, ಬಾಯಿಗೆ ಏನೂ ಇಲ್ಲ. ನನ್ನ ಮುಖ ಕಂಡಾಗಲೆಲ್ಲ ಅಳಿಯಂದ್ರೇ ಎಂದು ಕರೆಯುವರು, ನನಗೆ ಬೆವರುವುದು. ಭಾಮೈದ ಅವರ ಬೇಸರ ಕಳೆಯಲು ಏನೇನೋ ಆಟ ತೋರಿಸುವವನು. ಅವತ್ತು ನನ್ನ ಫೋನು ಕಿತ್ತುಕೊಂಡು ಒಂದು ಆಟ ತೆರೆದ.

"ನೋಡಿ ಭಾವ, ನೀವು ಒಂದು ಉಂಡೆ. ನಿಮಗಿಂತ ಚಿಕ್ಕ ಉಂಡೆ ಸಿಕ್ಕಿದ್ರೆ ನುಂಗ್ತಾ ಹೋಗಿ, ದಪ್ಪ ಆಗ್ತೀರಿ. ದೊಡ್ಡದು ಬಂದ್ರೆ ಓಡಿ."

"ಓಡದಿದ್ರೆ?"

"ಅದು ನಿಮ್ಮನ್ನ ನುಂಗತ್ತೆ. ಅಷ್ಟೇ ಆಟ."

ಇದು ಆಟವಲ್ಲಪ್ಪಾ, ಇದು ನಮ್ಮ ಆಫೀಸು ಎಂದು ಹೇಳೋಣವೆನಿಸಿತು. ಬದಲಿಗೆ "ಯಾರ್ಯಾರು ಇರ್ತಾರೆ ಇದ್ರಲ್ಲಿ?" ಎಂದೆ. "ಈ ಲಿಂಕ್ ಇದ್ದವ್ರು ಮಾತ್ರ. ನನ್ನ ಗೆಳೆಯರು, ನಮ್ಮೋರು ನಾಲ್ಕಾರು ಜನ. ಹೆಸರು ಏನು ಹಾಕ್ಲಿ?"

ಹೆದರುವವನಿಗೆ ಹೆಸರಿನಲ್ಲಾದರೂ ಧೈರ್ಯ ಬೇಡವೇ? ಹುಲಿ ಎಂದು ಹಾಕಿಸಿದೆ. ಸಂಜೆಯೊಳಗೆ ಹುಲಿ ಎರಡು ಚಿಕ್ಕ ಉಂಡೆಗಳನ್ನು ನುಂಗಿತ್ತು. ಜೀವನದಲ್ಲಿ ಮೊದಲ ಸಲ ನನ್ನನ್ನು ಕಂಡು ಯಾರೋ ಓಡಿದರು. ಆ ಸಂತೋಷ ತಲೆಗೇರಿತು. ಕೂಡಲೇ ಕನ್ನಡಕನಿಗೆ ಲಿಂಕ್ ಕಳಿಸಿ, ಕೆಳಗೆ ಬರೆದೆ: "ಧೈರ್ಯ ಇದ್ರೆ ಬಾ. ನಿನ್ನನ್ನ ನುಂಗಿ ನೀರು ಕುಡೀತೀನಿ!"

ಕಳಿಸಿದ ಮೇಲೆ ನೋಡಿದೆ. ಅದು ಕನ್ನಡಕನಿಗೆ ಹೋಗಿರಲಿಲ್ಲ. ಇಡೀ ಆಫೀಸಿನವರು ಇರುವ ಗುಂಪಿಗೆ ಹೋಗಿತ್ತು.

ಅಳಿಸುವುದು ಎಲ್ಲಿ ಎಂದು ಹುಡುಕಿ ಹುಡುಕಿ ಕೊನೆಗೂ ಅಳಿಸಿದೆ. ಅಷ್ಟರಲ್ಲಿ ಅದನ್ನು ಒಬ್ಬರು ಮಾತ್ರ ನೋಡಿಯಾಗಿತ್ತು. ಇಡೀ ಆಫೀಸಿನಲ್ಲಿ ಭಾನುವಾರ ಸಂಜೆಯೂ ಗುಂಪು ನೋಡುವವರು ಒಬ್ಬರೇ ಒಬ್ಬರು, ನಮ್ಮ ಮ್ಯಾನೇಜರು.

ಸೋಮವಾರ ಮ್ಯಾನೇಜರು ಆಫೀಸಿಗೆ ಬಂದರು. ನನ್ನ ಮೇಜಿನ ಮುಂದೆ ಹಾದುಹೋಗುವಾಗ ಒಮ್ಮೆ ನಿಂತು ನನ್ನನ್ನು ನೋಡಿ, ತಲೆಯಾಡಿಸಿ ಕ್ಯಾಬಿನ್ನಿಗೆ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ತಲೆಯಾಟಕ್ಕೆ ಏನರ್ಥ ಎಂದು ಬೆಳಗ್ಗೆಯೆಲ್ಲ ಯೋಚಿಸಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಮಧ್ಯಾಹ್ನ ಡಬ್ಬಿ ತೆರೆದು ಹಾಗೇ ಮುಚ್ಚಿದೆ. ಮನಸ್ಸು ಹಗುರವಾಗಲಿ ಎಂದು ಆಫೀಸಿನ ಕಂಪ್ಯೂಟರಿನಲ್ಲೇ ಆಟ ತೆರೆದೆ.

ಅಲ್ಲಿ ಹೊಸದೊಂದು ಉಂಡೆ ಬಂದಿತ್ತು. ನೇರಳೆ ಬಣ್ಣ. ಮಿಕ್ಕವರೆಲ್ಲರ ಮೈಮೇಲೆ ಹೆಸರಿತ್ತು, ಇದರ ಮೇಲೆ ಹೆಸರೇ ಇಲ್ಲ. ದಾರಿ ತಪ್ಪಿದವರ ಹಾಗೆ ಆ ಕಡೆ ಈ ಕಡೆ ಓಲಾಡುತ್ತಿತ್ತು. ನಾನು ಹಿಂದೆಮುಂದೆ ನೋಡದೆ ಹೋಗಿ ನುಂಗಿದೆ.

ಆ ಕ್ಷಣವೇ ಮ್ಯಾನೇಜರ ಕ್ಯಾಬಿನ್ನಿನೊಳಗಿಂದ ಕೂಗು ಕೇಳಿಸಿತು. "ಅಮ್ಮಾ! ಸತ್ತೆ!"

ನನ್ನ ಕೈಯಲ್ಲಿದ್ದ ಮೌಸು ಕೆಳಗೆ ಬಿತ್ತು. ಬಾಗಿಲು ತೆರೆಯಿತು. ಮ್ಯಾನೇಜರು ಹೊರಗೆ ಬಂದರು, ಮುಖ ಕೆಂಪಗೆ, ಹಣೆಯಲ್ಲಿ ಬೆವರು, ಹಲ್ಲು ಕಚ್ಚಿಕೊಂಡಿದ್ದರು. ಕತ್ತಿನಲ್ಲಿ ಟೈ. ಟೈಯ ಬಣ್ಣ ನೇರಳೆ.

"ನಿಮ್ಮ ವಿಭಾಗದ ವಿಷಯ ಮಾತಾಡ್ಬೇಕು," ಎಂದರು ನನಗೆ, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರತೆಗೆಯುತ್ತ. "ಶುಕ್ರವಾರ ಬನ್ನಿ. ತಯಾರಾಗಿ ಬನ್ನಿ." ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕನ್ನಡಕ ನಡೆದದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದ. ಅವನು ಅದನ್ನು ಒರೆಸಿದರೆ ಕೆಟ್ಟ ಸುದ್ದಿ ಬರುತ್ತಿದೆ ಎಂದೇ ಅರ್ಥ.

"ಲಿಂಕ್ ನೋಡಿದ್ದು ಅವ್ರೊಬ್ರೇ?"

"ಒಬ್ರೇ."

"ಮಾರನೇ ದಿನ ಹೊಸ ಉಂಡೆ ಬಂತು. ಹೆಸರಿಲ್ಲ. ಹೆಸರು ಮುಚ್ಚಿಟ್ಕೊಂಡು ಬರೋರು ಯಾರು? ದೊಡ್ಡವರೇ. ನಮ್ಮಂಥೋರು ಹೆಸರು ಹಾಕ್ದೆ ಎಲ್ಲಾದ್ರೂ ಹೋಗ್ತೀವಾ? ನೀನು ನುಂಗಿದೆ, ಅವ್ರು ಕೂಗಿದ್ರು. ಟೈ ಬೇರೆ ನೇರಳೆ." ಕನ್ನಡಕವನ್ನು ಮೂಗಿಗೆ ಏರಿಸಿದ. "ಅಯ್ಯೋ ದೇವ್ರೇ. ನೀನು ಮ್ಯಾನೇಜರನ್ನ ತಿಂದುಬಿಟ್ಟಿದ್ದೀಯ ಕಣಯ್ಯಾ."

ಕುತ್ತಿಗೆಗೆ ಬಂದದ್ದು ಇನ್ನು ತಪ್ಪುವಂತಿರಲಿಲ್ಲ. ಅಕೌಂಟ್ಸ್ ಮೇಡಂ ಇಂಥ ವಿಷಯಗಳಲ್ಲಿ ಅನುಭವಿ, ಆರು ಮ್ಯಾನೇಜರುಗಳನ್ನು ಕಂಡವರು. ಅವರನ್ನೇ ಕೇಳಿದೆವು. ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

"ತಿಂದಿದ್ದನ್ನ ಕಕ್ಕೋಕಾಗಲ್ಲ. ನೀವೇ ಹೋಗಿ ಅವರ ಬಾಯಿಗೆ ಬೀಳಿ. ದೊಡ್ಡೋರ ಸಿಟ್ಟು ಹೊಟ್ಟೆ ತುಂಬಿದ್ರೆ ಇಳಿಯುತ್ತೆ."

ಮಂಗಳವಾರ ಮಧ್ಯಾಹ್ನ ಶರಣಾಗತಿಗೆ ಸಿದ್ಧನಾದೆ. ಬಡಕಲು ಉಂಡೆಯಾಗಿ ಹೋದರೆ ಮರ್ಯಾದೆಯಲ್ಲ, ಅರ್ಪಿಸಿಕೊಳ್ಳುವವನು ಸ್ವಲ್ಪ ಮೈಕೈ ತುಂಬಿಕೊಂಡಿರಬೇಕು ಎಂದು ಸಿಕ್ಕಸಿಕ್ಕದ್ದನ್ನು ತಿಂದು ದಪ್ಪಗಾದೆ. ನೇರಳೆ ಉಂಡೆ ಮೂಲೆಯಲ್ಲಿ ಕಾಣಿಸಿತು. ಕೈಮುಗಿಯುವ ಭಾವದಿಂದ ಹತ್ತಿರ ಹೋದೆ. ಅದು ಓಡಿತು. ನಾನು ಬೆನ್ನಟ್ಟಿದೆ. "ಸರ್, ನಿಲ್ಲಿ ಸರ್, ನಾನೇ ಬರ್ತಿದ್ದೀನಿ," ಎಂದು ಪಿಸುಗುಟ್ಟುತ್ತ ಇನ್ನೂ ಜೋರಾಗಿ ಹೋದೆ. ಗೋಡೆಯ ಹತ್ತಿರ ಅದಕ್ಕೆ ದಾರಿ ಮುಗಿಯಿತು. ಪಾದದ ಮೇಲೆ ಬಿದ್ದೆ.

ನಾನು ದೊಡ್ಡವನಿದ್ದೆ. ಅದು ಚಿಕ್ಕದಿತ್ತು. ಬಿದ್ದವನು ನುಂಗಿದೆ.

"ಅಮ್ಮಾ! ಸತ್ತೆನಪ್ಪಾ!" ಎಂದಿತು ಕ್ಯಾಬಿನ್ನು.

ಕನ್ನಡಕ ಹಣೆ ಚಚ್ಚಿಕೊಂಡ. "ಎಂಥ ಮನುಷ್ಯ ಕಣಯ್ಯಾ ನೀನು! ಕ್ಷಮೆ ಕೇಳೋಕೆ ಹೋಗಿ ಎರಡನೇ ಸಲ ತಿಂದುಬಿಟ್ಟೆಯಲ್ಲೋ!"

ಅಂದು ಮನೆಯಲ್ಲೂ ಗ್ರಹಚಾರ ಸರಿಯಿರಲಿಲ್ಲ. ಅತ್ತೆ ಮುಖ ಊದಿಸಿಕೊಂಡು ಟ್ಯಾಬ್ಲೆಟನ್ನು ಮಡಿಲಲ್ಲಿ ಬೋರಲು ಹಾಕಿ ಕೂತಿದ್ದರು. ಅವರು ಅದರಲ್ಲಿ ದಿನವಿಡೀ ಆರೋಗ್ಯದ ಮಾತು ಕೇಳುತ್ತಾರೆ ಎಂದು ಹೆಂಡತಿ ಹೇಳಿದ್ದಳು. "ಲೋಕ ಕೆಟ್ಟುಹೋಯ್ತು ಅಳಿಯಂದ್ರೇ," ಎಂದರು, ನನ್ನನ್ನೇ ದುರುಗುಟ್ಟಿ ನೋಡುತ್ತ. "ತಮ್ಮ ಪಾಡಿಗೆ ಇರೋರನ್ನ ಅಟ್ಟಿಸಿಕೊಂಡು ಬಂದು ಹಾಳುಮಾಡ್ತಾರೆ. ಅಂಥೋರ ಮನೆ ಉದ್ಧಾರ ಆಗುತ್ತಾ, ನೀವೇ ಹೇಳಿ." ಆಗಲ್ಲ ಎಂದು ಹೇಳಿ ನೀರು ಕುಡಿದು ಮಲಗಿದೆ. ಅವರ ಮಾತಿಗೆ ಆಗುತ್ತೆ ಎಂದು ಹೇಳುವ ಧೈರ್ಯ ನನಗೆ ಎಂದೂ ಬಂದಿಲ್ಲ.

ಬುಧವಾರ ಬುದ್ಧಿ ಕಲಿತು, ಹುಟ್ಟಿದ ಕೂಡಲೇ ಕಡಲೆಕಾಳಿನಷ್ಟಿರುವಾಗಲೇ ಹೋಗಿ ನೇರಳೆಯ ಬಾಯಿಗೆ ಬಿದ್ದೆ. ಮತ್ತೆ ಹುಟ್ಟಿದೆ, ಮತ್ತೆ ಬಿದ್ದೆ. ಊಟದ ಹೊತ್ತು ಪೂರ್ತಿ ಸತ್ತೆ. ಕ್ಯಾಬಿನ್ನಿನಿಂದ ಇವತ್ತು ಕೂಗಿನ ಬದಲು ಸಣ್ಣದೊಂದು ನರಳಾಟ ಮಾತ್ರ ಬಂತು. ಸಿಟ್ಟು ಇಳಿಯುತ್ತಿತ್ತು, ಆದರೆ ನನ್ನಂಥ ಒಂದು ಕಾಳು ಎಷ್ಟು ತುಂಬೀತು?

"ಒಬ್ಬನ ಕೈಲಾಗೋ ಕೆಲಸ ಅಲ್ಲ ಇದು," ಎಂದರು ಅಕೌಂಟ್ಸ್ ಮೇಡಂ. ಅಷ್ಟರಲ್ಲಿ ವಿಷಯ ಲಿಂಕಿನ ಸಮೇತ ಬಟ್ಟೆ, ಕಡ್ಡಿ ಎರಡೂ ವಿಭಾಗಗಳಿಗೆ ಹರಡಿತ್ತು. ಗೋಡೌನಿನ ಭಯ ಎಲ್ಲರಿಗೂ ಇತ್ತು. ಮ್ಯಾನೇಜರು ಗುಟ್ಟಾಗಿ ಆಡುತ್ತಿದ್ದಾರೆ, ಯಾರು ಬಂದು ಬೀಳುತ್ತಾರೆ ಎಂದು ಲೆಕ್ಕ ಇಡುತ್ತಿದ್ದಾರೆ, ಶುಕ್ರವಾರ ಅದರ ಮೇಲೇ ತೀರ್ಮಾನವಂತೆ ಎಂದು ಮಾತಾಯಿತು. ನಾನು ಹಾಗೆ ಹೇಳಿರಲಿಲ್ಲ. ಆದರೆ ಕೇಳಿದ ಮೇಲೆ ನನಗೂ ಹೌದೆನಿಸಿತು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಒಬ್ಬರೂ ಡಬ್ಬಿ ತೆರೆಯಲಿಲ್ಲ. ಎಲ್ಲರೂ ಕಂಪ್ಯೂಟರಿನ ಮುಂದೆ ಕೂತು ಸಾಯಲು ಸಾಲು ನಿಂತರು.

"ತಳ್ಳಬೇಡ್ರೀ! ನಾನಿಲ್ಲಿ ಎಲ್ರಿಗಿಂತ ಸೀನಿಯರು. ನಾನೇ ಮೊದ್ಲು ಸಾಯ್ಬೇಕು," ಎಂದರು ಅಕೌಂಟ್ಸ್ ಮೇಡಂ.

"ನಮ್ಮದು ದೊಡ್ಡ ವಿಭಾಗ ಮೇಡಂ," ಎಂದ ಕಡ್ಡಿ ವಿಭಾಗದವನೊಬ್ಬ. "ನಮ್ಮನ್ನ ನುಂಗಿದ್ರೆ ಅವ್ರಿಗೆ ಹೊಟ್ಟೆ ತುಂಬತ್ತೆ. ನಿಮ್ಮನ್ನ ನುಂಗಿದ್ರೆ ಏನು ಸಿಗತ್ತೆ?"

"ಏನು ಸಿಗತ್ತೇ? ಅನುಭವ ಸಿಗತ್ತೆ!"

ನೇರಳೆ ಉಂಡೆ ಮೊದಲು ಬೆಚ್ಚಿ ಹಿಂದೆ ಸರಿಯಿತು. ಆಮೇಲೆ ನಿಂತಿತು. ಆಮೇಲೆ ರುಚಿ ಹತ್ತಿ ತಾನೇ ಮುಂದೆ ಬಂದು ಬಾಚಿಬಾಚಿ ನುಂಗತೊಡಗಿತು. ನೋಡುನೋಡುತ್ತಿದ್ದಂತೆ ಅರ್ಧ ಪರದೆ ನೇರಳೆ. ದೊಡ್ಡವರ ಹೆಸರು ಬರುವ ಮೂಲೆಯಲ್ಲಿ ಒಂದನೇ ಸ್ಥಾನದ ಪಕ್ಕ ಹೆಸರೇ ಇಲ್ಲದ ಖಾಲಿ ಜಾಗ. ಅದನ್ನು ಕಂಡು ನಮ್ಮೆಲ್ಲರ ಮೈ ಜುಂ ಎಂದಿತು.

ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಎಲ್ಲರೂ ಎದ್ದು ನಿಂತೆವು. ಮ್ಯಾನೇಜರು ನಗುತ್ತಿದ್ದರು! ಅವರ ಹಲ್ಲುಗಳನ್ನು ಮೊದಲ ಬಾರಿ ಪೂರ್ತಿಯಾಗಿ ನೋಡಿದೆವು. "ಕೊನೆಗೂ ಮುಟ್ಟಿದೆ ಕಣ್ರೀ," ಎಂದು ಯಾರಿಗೆಂದಿಲ್ಲದೆ ಹೇಳಿ, ಹಗುರವಾಗಿ ನಡೆದು ಹೋದರು. ಒಂದನೇ ಸ್ಥಾನ ಮುಟ್ಟಿದ್ದಾರೆ ಎಂದು ಅಕೌಂಟ್ಸ್ ಮೇಡಂ ಕಣ್ಣೊರೆಸಿಕೊಂಡರು.

ಮನೆಗೆ ಹೋದರೆ ಅತ್ತೆಯೂ ನಗುತ್ತಿದ್ದರು. ತಮ್ಮ ಪಾಲಿನ ಬಿಸ್ಕತ್ತನ್ನು ನನ್ನ ಕೈಗಿಟ್ಟು, "ತಿನ್ನಿ ಅಳಿಯಂದ್ರೇ, ಸೊರಗಿದ್ದೀರಿ," ಎಂದರು. ಅತ್ತೆ ಬೈದರೆ ನನಗೆ ಅಭ್ಯಾಸ, ಕೊಟ್ಟರೆ ಭಯ. ಬಿಸ್ಕತ್ತನ್ನು ಜೇಬಿನಲ್ಲಿಟ್ಟುಕೊಂಡು ಬಾಗಿಲಾಚೆ ಹೋಗಿ ಕಾಗೆಗೆ ಹಾಕಿದೆ. ಕಾಗೆಗೆ ಏನೂ ಆಗಲಿಲ್ಲ.

ಶುಕ್ರವಾರ ಎಲ್ಲರೂ ಸೇರಿ ಒಂದು ಹೂಗುಚ್ಛ ತಂದೆವು. ಮೊದಲು ಬಾಯಿಗೆ ಬಿದ್ದವನು ನಾನೇ ಆದ್ದರಿಂದ ಭಾಷಣವೂ ನನ್ನದೇ ಎಂದು ತೀರ್ಮಾನವಾಯಿತು. ಕನ್ನಡಕ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ತಳ್ಳಿದ. ಒಳಗೆ ಮ್ಯಾನೇಜರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೂತಿದ್ದರು. ಎದುರಿನ ಸೋಫಾದಲ್ಲಿ ಕೋಟು ಹಾಕಿದ ಬಿಳಿಗೂದಲಿನವರೊಬ್ಬರು ಇದ್ದರು. ಯಾರೋ ನೆಂಟರಿರಬೇಕು ಎಂದುಕೊಂಡು ನಾನು ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಸರ್, ನಾವು ಚಿಕ್ಕವರು, ನೀವು ದೊಡ್ಡವರು. ದೊಡ್ಡವರು ಚಿಕ್ಕವರನ್ನ ನುಂಗೋದು ಲೋಕದ ನಿಯಮ. ನಮಗೇನೂ ಬೇಜಾರಿಲ್ಲ ಸರ್. ಯಾರೂ ಬಲವಂತ ಮಾಡಿಲ್ಲ, ನಾವಾಗೇ ಸಾಲಾಗಿ ಬಂದು ಬಿದ್ದಿದ್ದೀವಿ. ಬೇರೆಬೇರೆಯಾಗಿದ್ದು ನಾವು ಮಾಡೋದಾದ್ರೂ ಏನಿದೆ? ನಮ್ಮೆಲ್ಲರನ್ನೂ ಒಳಗೆ ಹಾಕ್ಕೊಂಡು ನೀವು ಹೀಗೇ ಬೆಳೀರಿ ಸರ್!"

ಹಿಂದಿನಿಂದ ಚಪ್ಪಾಳೆ ಬಿತ್ತು. ಹೂಗುಚ್ಛ ಮುಂದೆ ಹಿಡಿದೆ. ಮ್ಯಾನೇಜರು ಅದನ್ನು ತೆಗೆದುಕೊಳ್ಳಲಿಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ತೆಗೆದುಕೊಂಡವರು ಸೋಫಾದವರು, ಎದ್ದು ಬಂದು.

"ಅದ್ಭುತ!" ಎಂದರು. "ನಾನು ಹೆಡ್ ಆಫೀಸಿನಿಂದ ಬಂದಿದ್ದೀನಿ. ಚಿಕ್ಕ ವಿಭಾಗಗಳನ್ನ ದೊಡ್ಡದಕ್ಕೆ ಸೇರಿಸ್ತೀವಿ ಅಂದಾಗ ಪ್ರತಿ ಶಾಖೆಯಲ್ಲೂ ಅತ್ತರು, ಕೂಗಾಡಿದರು, ಒಂದು ಕಡೆ ನನ್ನ ಕಾರಿನ ಗಾಳಿ ತೆಗೆದರು. ಇಲ್ಲಿ ಹೂವು ತಂದಿದ್ದಾರೆ! ನಿಮ್ಮ ಮ್ಯಾನೇಜರು ಈಗಷ್ಟೇ ಹೇಳ್ತಿದ್ರು, ಹಿಡಿ ವಿಭಾಗದವರು ಮಾತ್ರ ಸುತಾರಾಂ ಒಪ್ಪಲ್ಲ ಅಂತ."

"ಸರ್, ಅದು..." ಎಂದರು ಮ್ಯಾನೇಜರು.

"ಇನ್ನೇನು ಮಾತು? ಸೇರಿಸಿದ್ದಾಯ್ತು." ನನ್ನ ಬೆನ್ನು ತಟ್ಟಿದರು. "ಹೆದರಬೇಡಿ, ನಿಮ್ಮ ವಿಭಾಗ ಎಲ್ಲೂ ಹೋಗಲ್ಲ. ಕಡ್ಡಿಯವರ ಒಳಗೇ ಇರುತ್ತೆ. ನಿಮಗೆ ಬೇರೆ ಕೆಲಸ ಇದೆ. ಸೋಮವಾರದಿಂದ ನನ್ನ ಜೊತೆ ಪ್ರತಿ ಶಾಖೆಗೂ ಬಂದು ಇದೇ ಭಾಷಣ ಮಾಡಿ."

ಅವರು ಹೂಗುಚ್ಛ ಹಿಡಿದುಕೊಂಡೇ ಹೋದರು. ಕನ್ನಡಕ ತನ್ನ ಕನ್ನಡಕ ಒರೆಸುತ್ತ ಹೊರಗೆ ಹೋದ. ಇಬ್ಬರಲ್ಲಿ ನಾನು ಪ್ರವಾಸಕ್ಕಾದರೆ, ಗೋಡೌನು ಯಾರಿಗೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಮಿಕ್ಕವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

"ಸರ್, ತಪ್ಪು ತಿಳೀಬೇಡಿ," ಎಂದೆ. "ಆಟದಲ್ಲಿ ನಿಮ್ಮನ್ನ ಎರಡು ಸಲ ನುಂಗಿದ್ದೆ, ಅದಕ್ಕೆ..."

"ಯಾವ ಆಟ?"

"ನೀವು ಕೂಗ್ತಿದ್ರಲ್ಲ ಸರ್, ಮಧ್ಯಾಹ್ನ."

"ಸೊಂಟ ಹಿಡ್ಕೊಂಡಿದೆ ಕಣ್ರೀ. ದಿನಾ ಬಗ್ಗಿ ಕಾಲ್ಬೆರಳು ಮುಟ್ಟಿ ಅಂದಿದ್ದಾರೆ ಡಾಕ್ಟ್ರು. ನಿನ್ನೆ ಮುಟ್ಟಿದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಭಾನುವಾರ ನೀವು ಗುಂಪಿನಲ್ಲಿ ಹಾಕಿದ್ರಲ್ಲ, ಧೈರ್ಯ ಇದ್ರೆ ಬಾ, ನುಂಗಿ ನೀರು ಕುಡೀತೀನಿ ಅಂತ. ಮೇಲಿನ ಲಿಂಕ್ ನಾನು ತೆರೀಲಿಲ್ಲ, ಹೆಡ್ ಆಫೀಸಿನವರಿಗೆ ಹೇಳ್ತಿದ್ದೀರಿ ಅಂದ್ಕೊಂಡೆ. ಪರವಾಗಿಲ್ಲ, ನಮ್ಮಲ್ಲೂ ಒಬ್ಬ ಗಂಡೆದೆಯವನಿದ್ದಾನೆ ಅಂತ ಖುಷಿ ಆಯ್ತು. ನಿಮ್ಮನ್ನ ನಂಬ್ಕೊಂಡೇ ನಿಮ್ಮ ವಿಭಾಗ ಉಳಿಸೋಕೆ ಹೊರಟಿದ್ದೆ."

ನನಗೆ ಅಳು ಬಂತು. ಮೇಜಿಗೆ ಬಂದರೆ ನನ್ನ ಕುರ್ಚಿಯಲ್ಲಿ ಆಗಲೇ ಕಡ್ಡಿ ವಿಭಾಗದವನು ಕೂತು ಕಿಟಕಿಯಾಚೆ ನೋಡುತ್ತಿದ್ದ.

ಸಂಜೆ ಮನೆಗೆ ಬಂದಾಗ ಅತ್ತೆಯ ಮುಖವೂ ಬಾಡಿತ್ತು. ಹೆಂಡತಿಯೊಂದಿಗೆ ಮಾತಾಡುತ್ತಿದ್ದರು.

"ಇವತ್ತು ಬರ್ಲೇ ಇಲ್ಲ ಕಣೇ. ಯಾರೂ ಬರ್ಲಿಲ್ಲ. ಮಿಕ್ಕೋರು ಹೋಗ್ಲಿ, ಆ ಹುಲಿನಾದ್ರೂ ಬರ್ಬೇಕಿತ್ತು."

ಚಪ್ಪಲಿ ಬಿಡುತ್ತಿದ್ದವನು ಒಂಟಿಕಾಲಿನಲ್ಲೇ ನಿಂತೆ. "ಯಾವ ಹುಲಿ ಅತ್ತೆ?"

ಅವರು ಟ್ಯಾಬ್ಲೆಟ್ ತಿರುಗಿಸಿ ತೋರಿಸಿದರು. ಪರದೆಯ ನಡುವೆ ಹೆಸರಿಲ್ಲದ ನೇರಳೆ ಉಂಡೆ.

"ನಿಮ್ಮ ಭಾಮೈದ ಹಾಕ್ಕೊಟ್ಟ. ಹೆಸರು ಬರೆಯೋಕೆ ನಂಗೆ ಬರಲಿಲ್ಲ, ಹಾಗೇ ಬಿಟ್ಟೆ. ಒಂದು ಹುಲಿ ಇತ್ತು ಅಳಿಯಂದ್ರೇ. ಮೊದಲು ನನ್ನ ಎರಡು ಸಲ ನುಂಗಿತು, ಹಾಳಾದ್ದು. ಆಮೇಲೆ ಅದೇನಾಯ್ತೋ, ತಾನಾಗೇ ಬಂದು ಬಾಯಿಗೆ ಬೀಳೋಕೆ ಶುರುಮಾಡ್ತು. ಅದರ ಹಿಂದೆ ಒಂದು ಹಿಂಡೇ ಬಂತು. ಈ ಮಂಚದ ಮೇಲೆ ಬಿದ್ದಾಗಿನಿಂದ ನನ್ನನ್ನ ಹುಡುಕ್ಕೊಂಡು ಅಷ್ಟು ಜನ ಬಂದಿರ್ಲಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಪಾಪ, ಏನಾಯ್ತೋ ಅದಕ್ಕೆ. ಇನ್ನೊಂದು ಸಲ ಬಂದ್ರೆ ತಿನ್ನಲ್ಲ. ಪಕ್ಕದಲ್ಲೇ ಇಟ್ಕೋತೀನಿ."

ಇನ್ನೊಂದು ಚಪ್ಪಲಿಯನ್ನೂ ಬಿಟ್ಟೆ. ಆ ಹುಲಿ ನಾನೇ ಎಂದು ಅತ್ತೆಗೆ ಹೇಳಿದರೆ ಆ ಎರಡು ಸಲ ನುಂಗಿದ್ದಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಆದರೆ ಆಫೀಸಿನಲ್ಲಿ ನನ್ನ ಮುಖ ನೋಡುವವರು ಯಾರೂ ಇಲ್ಲದ ಆ ದಿನ, ಯಾರೋ ಒಬ್ಬರು ನಾನು ಬರಲಿಲ್ಲವಲ್ಲ ಎಂದು ಕೊರಗಿದ್ದರು. ಮನಸ್ಸು ಕರಗಿಹೋಯಿತು. ಮೆಲ್ಲಗೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಫೋನಿನಲ್ಲಿ ಆಟ ತೆರೆದು ಹುಲಿ ಎಂದು ಬರೆದೆ.

ಕಡಲೆಕಾಳಿನಷ್ಟಿದ್ದೆ. ದೂರದಲ್ಲಿ ನೇರಳೆ ಕಾಣಿಸಿತು. ಹೆದರಿಕೆಯಾಯಿತು, ಆದರೂ ಹೋದೆ. ಅದೂ ಮೆಲ್ಲಗೆ ಹತ್ತಿರ ಬಂತು. ಪಕ್ಕದಲ್ಲಿ ನಿಂತಿತು. ಏನೂ ಮಾಡಲಿಲ್ಲ. ಹುಟ್ಟಿದಾಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟೆ.

ಪರದೆಯೆಲ್ಲ ನೇರಳೆಯಾಯಿತು.

"ಬಂತು ಕಣೇ!" ಮುಂದಿನ ಕೋಣೆಯಿಂದ ಅತ್ತೆಯ ಕೇಕೆ. "ಹುಲಿ ಬಂತು! ನುಂಗಿದೆ!"

"ಪಕ್ಕದಲ್ಲಿ ಇಟ್ಕೋತೀನಿ ಅಂದ್ಯಲ್ಲಮ್ಮಾ?"

"ಎಲ್ಲಿ ಹೋಯ್ತೇ ಅದು? ಒಳಗೇ ಇದೆ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ರೀ, ಊಟಕ್ಕೆ ಬನ್ನಿ. ಅಮ್ಮ ಇವತ್ತು ಖುಷಿಯಾಗಿದ್ದಾಳೆ, ನಿಮ್ಮ ತಟ್ಟೆ ಅವಳ ಪಕ್ಕದಲ್ಲೇ ಇಟ್ಟಿದ್ದೀನಿ."